ಜಗಲಿಗೆ ಬಂದ ಬೆಲ್ಲ ನೀರು

ಇಲ್ಲ, ಹಿತ್ತಾಳೆಯ ಚೊಂಬು ಆಗಿರಲಿಕ್ಕಿಲ್ಲ, ಸ್ಟೀಲಿನ ಲೋಟವೇ ಇರಬೇಕು. ಹಿತ್ತಾಳೆಯದ್ದನ್ನು ನಾನೇ ಆಮೇಲೆ ಎಲ್ಲಿಂದಲೋ ತಂದು ಅಜ್ಜಿಯ ಕೈಗೆ ಕೊಟ್ಟಿದ್ದೇನೆ, ನೆನಪು ಸ್ವಲ್ಪ ಚಂದ ಕಾಣಲಿ ಎಂದು. ಬೆಲ್ಲದ ವಾಸನೆಯ ಬಗ್ಗೆ ಮಾತ್ರ ಅನುಮಾನವಿಲ್ಲ. ಮೊನ್ನೆ ಬೆಳ್ತಂಗಡಿಯಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಈಗ ಎಲ್ಲ ಕಡೆ ಬಾಟಲಿಯ ಜ್ಯೂಸ್ ಕೊಡುತ್ತಾರೆ. ಅವರು ಹಳೆಯ ಕ್ರಮದಂತೆ ಲೋಟದಲ್ಲಿ ನೀರು, ಸಣ್ಣ ತಟ್ಟೆಯಲ್ಲಿ ಬೆಲ್ಲದ ತುಂಡು ತಂದು ಮುಂದಿಟ್ಟರು. ಸೆಕೆಗೆ ಬೆಲ್ಲ ಬೆವತಿತ್ತು. ಆ ಉಪ್ಪುಪ್ಪು ಸಿಹಿ ವಾಸನೆ ಮೂಗಿಗೆ ಬಂದದ್ದೇ ತಡ, ಬಂಟ್ವಾಳ ಪೇಟೆಯ ನಮ್ಮ ಮನೆಯ ಕೆಂಪು ಜಗಲಿ, ಅದರ ತಂಪು, ಬೀದಿಯಲ್ಲಿ ಹೋಗುವ ಬಸ್ಸಿಗೆ ಸಣ್ಣಗೆ ಅದುರುತ್ತಿದ್ದ ಕಿಟಕಿಯ ಗಾಜು, ಎಲ್ಲವೂ ಬಂದು ಎದುರು ಕೂತವು. ಜಗಲಿ ಕೆಂಪಾಗಿತ್ತು ಎಂದು ಬರೆದೆ. ಕಪ್ಪಾಗಿತ್ತು ಎಂದು ನನ್ನ ಅಣ್ಣ ಹೇಳುತ್ತಾನೆ.

ಆ ಜಗಲಿಯಲ್ಲಿ ಶಾರದತ್ತೆ, ನನ್ನ ಅಪ್ಪನ ತಂಗಿ, ಮದುವೆಗೆ ಮೊದಲು ಸಂಜೆ ಹೊತ್ತು ಆಚೀಚೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಒಂದು ದಿನ ಗೆಸ್ಟ್ ಮತ್ತು ವಿಸಿಟರ್ ಎಂಬ ಎರಡು ಶಬ್ದಗಳು ಬಂದವು. ನಮ್ಮ ಗೈಡಿನಲ್ಲಿ ಎರಡಕ್ಕೂ ಅತಿಥಿ ಎಂದೇ ಇತ್ತು. “ಹಾಗಲ್ಲ ಮಾರಾಯ್ರೆ,” ಎಂದಳು ಅತ್ತೆ. “ವಿಸಿಟರ್ ಅಂದ್ರೆ ಬರುವವರು, ಬಂದ ಕೆಲಸ ಮುಗಿಸಿ ಹೋಗುವವರು. ಆಸ್ಪತ್ರೆಗೂ ಬರ್ತಾರೆ, ಮೃಗಾಲಯಕ್ಕೂ ಬರ್ತಾರೆ. ಗೆಸ್ಟ್ ಅಂದ್ರೆ ಅವರನ್ನು ನೋಡಿಕೊಳ್ಳುವ ಜನ ಬೇಕು. ಉಪಚಾರ ಉಂಟು.” ಪಕ್ಕದ ಮನೆಯ ಸುಧೀರ ಬಿಡಲಿಲ್ಲ. “ಕರೆಂಟ್ ಬಿಲ್ಲಿನವರು ಯಾವುದು ಶಾರದಕ್ಕ?” “ವಿಸಿಟರ್.” “ಮತ್ತೆ ಅಜ್ಜಿ ಅವರಿಗೂ ಬೆಲ್ಲ ನೀರು ಕೊಟ್ರಲ್ಲ?” “ಅಮ್ಮನಿಗೆ ಎಲ್ಲರೂ ಗೆಸ್ಟೇ. ನಿನ್ನೊಬ್ಬನನ್ನು ಬಿಟ್ಟು.” ನಗು ನಿಂತ ಮೇಲೆ ನಾನು ಕೇಳಿದೆ, ಹಾಗಾದರೆ ನಾವು ಯಾವುದು ಎಂದು. “ನಾವು ಎರಡೂ ಅಲ್ಲ. ಮನೆಯವರಿಗೆ ಶಬ್ದ ಎಂತಕೆ? ಬಾಯಾರಿದ್ರೆ ಒಳಗೆ ಹೋಗಿ ಕುಡಿಯುದು.” ಇಷ್ಟು ಹದವಾದ ಮಾತನ್ನು ಅವಳು ನಿಜವಾಗಿ ಆಡಿದಳೇ, ಅಥವಾ ಮುಂದೆ ನಡೆದದ್ದಕ್ಕೆ ಹೊಂದಲಿ ಎಂದು ನಾನು ಅವಳ ಬಾಯಿಗೆ ಹಾಕಿದೆನೇ? ಗೈಡಿನಲ್ಲಿ ಇದ್ದ ಹಾಗೆ ಬರೆಯಿರಿ ಎಂದು ಗದರಿಸಿ ಎದ್ದಿದ್ದರೂ ಎದ್ದಿರಬಹುದು.

ಬೆಳ್ತಂಗಡಿಯ ಕಡೆಗೆ ಮದುವೆಯಾಗಿ ಹೋದ ಅತ್ತೆ ಒಂದು ಮಧ್ಯಾಹ್ನ ಒಬ್ಬಳೇ ಬಸ್ಸಿಳಿದು ಬಂದಳು. ಕೈಯಲ್ಲಿ ದೊಡ್ಡ ಬ್ಯಾಗು. ಚಪ್ಪಲಿ ಬಿಡುತ್ತ, ನೆಲ ನೋಡುತ್ತ, “ಅಮ್ಮಾ, ನಾನು ಇನ್ನು ಅಲ್ಲಿಗೆ ಹೋಗುದಿಲ್ಲ” ಎಂದಳು. ಬಾಗಿಲಲ್ಲಿದ್ದ ಅಜ್ಜಿ ಅವಳ ಮುಖ ನೋಡಲಿಲ್ಲ, ಬ್ಯಾಗನ್ನು ನೋಡಿದಳು. ಒಳಗೆ ಹೋದಳು. ಊಟಕ್ಕೆ ಕರೆಯುತ್ತಾಳೆ ಎಂದು ನಾನು ಕಾದೆ. ಅವಳು ಹೊರಗೆ ಬಂದದ್ದು ಲೋಟ ಮತ್ತು ತಟ್ಟೆ ಹಿಡಿದುಕೊಂಡು. “ಕೂತ್ಕೋ ಮಗಾ. ಆಸರಿಗೆ ತಕ್ಕೋ, ಬಿಸಿಲಿಗೆ ಬಂದದ್ದು ನೀನು.” ಆಸರಿಗೆ ಎಂದರೆ ಬಾಯಾರಿಕೆಗೆ. ಬಂದವರಿಗೆಲ್ಲ ಹೇಳುವ ಅದೇ ಮಾತು, ಅದೇ ಸ್ವರ. ಅತ್ತೆ ತಟ್ಟೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಕೈ ಮಡಿಲಲ್ಲೇ ಇತ್ತು. ಅಲ್ಲಿಂದ ಮುಂದಕ್ಕೆ ನನ್ನ ಬಳಿ ಏನೂ ಇಲ್ಲ. ಎಷ್ಟು ಜಗ್ಗಿದರೂ ಆ ಕೈ ಮೇಲೆ ಏಳುವುದಿಲ್ಲ. ಸಂಜೆ ಅಪ್ಪ ಪೇಪರು ಮಡಚದೆ ಕೇಳಿದ್ದು ಮಾತ್ರ ಕೇಳಿಸುತ್ತದೆ: “ಎಷ್ಟು ದಿನ ಇರ್ತಿ ಶಾರದಾ?” ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಯಾರೂ ಹೇಳಲಿಲ್ಲ.

ಮಳೆ ಹಿಡಿಯುವ ಮೊದಲೇ ಅವಳಿಗೆ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಯಾರದೋ ಮನೆಯ ಮಾಳಿಗೆಯ ಕೋಣೆಯಲ್ಲಿ ಇದ್ದಳು, ಅಲ್ಲಿಯೇ ಮುದುಕಿಯಾದಳು. “ಪೇಯಿಂಗ್ ಗೆಸ್ಟ್ ನಾನು, ಉಪಚಾರ ಇಲ್ಲ, ಬಾಡಿಗೆ ಮಾತ್ರ ಉಂಟು” ಎಂದು ನಗುತ್ತಿದ್ದಳು. ನಾನು ಹೋದರೆ ತಿದ್ದುತ್ತಿದ್ದ ಪೇಪರಿನಿಂದ ತಲೆ ಎತ್ತದೆ ಮೂಲೆಯ ಮಡಕೆಯ ಕಡೆಗೆ ಪೆನ್ನು ತೋರಿಸುತ್ತಿದ್ದಳು. ನಾನೇ ಬಗ್ಗಿಸಿ ಕುಡಿಯುತ್ತಿದ್ದೆ. ಎಷ್ಟೋ ವರ್ಷ ಬಿಟ್ಟು ಒಮ್ಮೆ ಧೈರ್ಯ ಮಾಡಿ ಆ ದಿನದ ಬೆಲ್ಲ ನೀರಿನ ಬಗ್ಗೆ ಕೇಳಿದೆ. “ಯಾವ ಬೆಲ್ಲ? ನನ್ನ ಮನೆಯಲ್ಲಿ ನನಗೆ ಯಾರು ಮಾರಾಯ್ತಿ ಬೆಲ್ಲ ನೀರು ಕೊಡುದು? ನೀನು ಕನಸು ಕಂಡದ್ದು.” ಹೇಳಿ, ಕಿಟಕಿ ತೆರೆದೇ ಇದ್ದರೂ ಎದ್ದು ಹೋಗಿ ಕಿಟಕಿ ತೆರೆದಳು.

ಕಳೆದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡಳು. ಅಜ್ಜಿ, ಅಪ್ಪ ಹೋಗಿ ತುಂಬ ಕಾಲವಾಯಿತು. ಬಂಟ್ವಾಳದ ಮನೆ ಇದ್ದಲ್ಲಿ ಈಗ ಮೊಬೈಲಿನ ಅಂಗಡಿ. ಜಗಲಿ ಕೆಂಪೋ ಕಪ್ಪೋ ಎಂದು ನೋಡಲಿಕ್ಕೂ ಏನೂ ಉಳಿದಿಲ್ಲ. ಮೊನ್ನೆ ಬೆಳ್ತಂಗಡಿಯಲ್ಲಿ ಆ ಬೆಲ್ಲವನ್ನು ಬಾಯಿಗೆ ಹಾಕಿ ನೀರು ಕುಡಿದೆ, ಮನೆಯವರು ಸಂತೋಷಪಟ್ಟರು. ಬಿಸಿಲಲ್ಲಿ ಬಂದ ಮಗಳ ಒಣಗಿದ ತುಟಿ ಕಂಡು ಅಜ್ಜಿ ಕೈಗೆ ಸಿಕ್ಕಿದ್ದನ್ನು ತಂದಳೋ, ಅಥವಾ ಹೇಳಲಾಗದ್ದನ್ನು ತಟ್ಟೆಯಲ್ಲಿಟ್ಟು ತಂದಳೋ, ನನಗೆ ತಿಳಿಯದು. ಅತ್ತೆ ಆ ನೀರು ಕುಡಿದಳೇ ಎಂಬುದೂ ನನಗೆ ಗೊತ್ತಿಲ್ಲ.