ಫ್ಯೂಸಕ್ಕ ಕೊಟ್ಟ ಮಾತು

ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಇತ್ತು. ಆದರೆ ಹೊಳೆಯ ಎರಡೂ ದಡದಲ್ಲಿ ಅದನ್ನು ಕೇಳಿದವರಿಲ್ಲ. ಎಲ್ಲರ ಬಾಯಲ್ಲೂ ಅವಳು ಫ್ಯೂಸಕ್ಕ.

ಜಲ ಇಲಾಖೆಯಲ್ಲಿ ಅವಳದು ಹೊಳೆ ಕಾಯುವ ಕೆಲಸ. ಮೊಣಕಾಲಿನವರೆಗೆ ರಬ್ಬರ್ ಬೂಟು ಏರಿಸಿ ನೀರಿಗಿಳಿಯುವುದು, ಸೇತುವೆಯ ಕಂಬದ ಮೇಲೆ ಬಳಿದ ಕೆಂಪು ಗೆರೆ ನೋಡುವುದು. ನೀರು ಆ ಗೆರೆಗಿಂತ ಕೆಳಗಿಳಿದರೆ ದಡದ ಪಂಪುಗಳೆಲ್ಲ ನಿಲ್ಲಬೇಕೆಂಬುದು ಕಾನೂನು. ಹರಿವು ತುಂಡಾದರೆ ಗುಂಡಿಗಳಲ್ಲಿ ಸಿಕ್ಕಿಕೊಂಡ ಮೀನು ಸಾಯುತ್ತವೆ, ಕೆಳಗಿನ ಊರಿನ ಬಾವಿಗಳು ಬತ್ತುತ್ತವೆ. ಇದನ್ನೆಲ್ಲ ಅವಳಿಗೆ ಕಲಿಸಿದವರು ಇಲಾಖೆಯ ಹಿರಿಯ ಎಂಜಿನಿಯರು. ಪ್ಯಾಂಟು ಮಡಚಿಕೊಂಡು ತಾವೇ ನೀರಿಗಿಳಿದು, "ನೋಡಮ್ಮಾ, ಎಲ್ಲರ ಪಾಲೂ ಕೊಟ್ಟಮೇಲೆ ಹೊಳೆಗೂ ಒಂದು ಪಾಲು ಅಂತ ಇರುತ್ತೆ. ಅದನ್ನ ಯಾರೂ ಮುಟ್ಟಬಾರದು" ಅಂದವರು. ಅಪ್ಪನ ಮಾತನ್ನೂ ಅಷ್ಟು ನಂಬದ ಹುಡುಗಿ ಅದನ್ನು ನಂಬಿದಳು.

ಕಾನೂನಿಗೆ ಹೆದರುವವರು ಯಾರು? ಬೆಳಿಗ್ಗೆ ಪಂಪಿಗೆ ಮೊಹರು ಹಾಕಿ ಬಂದರೆ ಸಂಜೆಗೆ ಅದು ಕಸದಲ್ಲಿರುತ್ತಿತ್ತು. ಆ ವರ್ಷ ಮಳೆ ಪೂರ್ತಿ ಕೈಕೊಟ್ಟಾಗ ಅವಳು ಮೊಹರಿನ ಸಹವಾಸವೇ ಬೇಡವೆಂದು ಮನೆಮನೆಗೆ ಹೋಗಿ ಮೋಟಾರಿನ ಪಿಂಗಾಣಿ ಫ್ಯೂಸನ್ನೇ ಕೇಳಿದಳು. ಮುಚ್ಚಳ ತೆಗೆದು ನೀವೇ ಕಿತ್ತು ನನ್ನ ಕೈಗೆ ಕೊಡಿ, ಅಂದಳು.

"ಮಾತು ಕೊಡ್ತೀನಿ. ನೀರು ಗೆರೆ ಮುಟ್ಟೋವರೆಗೂ ಈ ಹೊಳೇಲಿ ಯಾರ ಮೋಟಾರೂ ಓಡಲ್ಲ. ಒಂದೇ ಒಂದು ಓಡಿದ್ರೂ ನಿಮ್ಮ ಫ್ಯೂಸ್ ನಾನೇ ತಂದು ಕೊಟ್ಟು ಹೋಗ್ತೀನಿ."

ಮೊದಲು ಹೋದದ್ದು ಸ್ವಂತ ಅಕ್ಕನ ಮನೆಗೆ. ಅಕ್ಕ ದಡದ ಮೇಲೆ ಹೂಗಿಡದ ಸಸಿ ಬೆಳೆಸಿ ಮಾರುವವಳು. ಸಸಿಗಳಿಗೆ ಬಿಂದಿಗೆ ಹೊತ್ತು ನೀರು ಹಾಕಬೇಕಾಗುತ್ತದೆಂದು ಗೊತ್ತಿದ್ದೂ ಗೊಣಗುತ್ತಲೇ ಫ್ಯೂಸ್ ಕಿತ್ತು, ತನ್ನ ಹಳೇ ಸೀರೆಯ ಹಸಿರು ಚೂರಿನಲ್ಲಿ ಸುತ್ತಿ ಕೊಟ್ಟಳು. "ತಂಗಿ ಅನ್ನೋ ಕರ್ಮಕ್ಕೆ ಕೊಡ್ತಾ ಇದ್ದೀನಿ ಕಣೇ." ಅಕ್ಕ ಕೊಟ್ಟಳೆಂಬ ಸುದ್ದಿ ಹಬ್ಬಿದ ಮೇಲೆ ಉಳಿದವರಿಗೆ ನೆಪ ಉಳಿಯಲಿಲ್ಲ. ತರಕಾರಿ ತೋಟದ ತಾತನೊಬ್ಬ ಬಾಯಿ ತೆರೆದು ತೋರಿಸಿ, "ಬೇಕಾದ್ರೆ ನನ್ನ ಹಲ್‌ಸೆಟ್ ಇಟ್ಕೊಳ್ಳಮ್ಮಾ ಫ್ಯೂಸಕ್ಕಾ, ಮೋಟಾರ್ ಬಿಟ್ಬಿಡು" ಎಂದು ಗೋಗರೆದು, ನಗಿಸಿ, ಕೊನೆಗೆ ಕೊಟ್ಟ. ಕಚೇರಿಯ ಅವಳ ಕಪಾಟು ಬಟ್ಟೆ ಸುತ್ತಿದ ಪಿಂಗಾಣಿಯಿಂದ ತುಂಬಿತು. ಹೊಳೆ ಸಣ್ಣಗಾಯಿತು, ಆದರೆ ಹರಿಯಿತು.

ಆಮೇಲೊಂದು ಬೆಳಿಗ್ಗೆ ಕಂಬದ ಬುಡ ಕಂಡಿತು. ಫ್ಯೂಸುಗಳೆಲ್ಲ ಕಪಾಟಿನಲ್ಲಿವೆ, ನೀರು ಮಾತ್ರ ಒಂದೆಳೆಯಷ್ಟೇ ಉಳಿದಿದೆ. ಯಾರೋ ಅಂಗಡಿಯಿಂದ ಬೇರೆ ಫ್ಯೂಸ್ ತಂದು ಹಾಕಿದ್ದಾರೆ ಎಂದೇ ಅವಳಿಗೆ ಅನ್ನಿಸಿದ್ದು. ಬೇರೆ ಯೋಚನೆ ತಲೆಯ ಹತ್ತಿರವೂ ಸುಳಿಯಲಿಲ್ಲ. ನಾವೆಲ್ಲ ಹೀಗೆಯೇ ಅಲ್ಲವೇ? ನೀರು ಕಾಣೆಯಾದರೆ ಬಿಂದಿಗೆ ಹಿಡಿದವರ ಮೇಲೆ ಕಣ್ಣು ಹೋಗುತ್ತದೆ, ಕುರ್ಚಿಯಲ್ಲಿ ಕೂತವರ ಮೇಲೆ ಹೋಗುವುದಿಲ್ಲ.

ಮತ್ತೆ ಮನೆಮನೆಗೆ ಹೋದಳು. ಈ ಸಲ ಕೇಳಲಿಲ್ಲ, ಮುಚ್ಚಳ ತೆಗೆದು ತಾನೇ ನೋಡಿದಳು. ಎಲ್ಲೂ ಏನೂ ಸಿಗಲಿಲ್ಲ. ಅಕ್ಕನ ಮನೆಯಲ್ಲಿ ಸಸಿಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕುಂಡದ ಮಣ್ಣಿನೊಳಗೆ ಬೆರಳು ತೂರಿಸಿದಳು, ತೇವ ಇದೆಯೇ ಎಂದು.

"ಏನೇ ಅದು?" ಅಕ್ಕ ಬಿಂದಿಗೆ ಕೆಳಗಿಟ್ಟಳು.

"ನಿಜ ಹೇಳಕ್ಕಾ. ಕದ್ದು ಮೋಟಾರ್ ಹಾಕಿದ್ಯಾ?"

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದಡದಲ್ಲಿ ಯಾರೂ ಸಿಗದಿದ್ದಾಗ ಫ್ಯೂಸಕ್ಕ ಹೊಳೆಯ ಒಳಗೇ ಮೇಲಕ್ಕೆ ನಡೆದಳು. ಕೊನೆಯ ತೋಟ ದಾಟಿ, ತಿರುವು ದಾಟಿದ ಮೇಲೆ ಕಂಡಿತು: ಆಳು ತೂರಬಹುದಾದಷ್ಟು ದಪ್ಪದ ಪೈಪು, ಹೊಸ ಕಬ್ಬಿಣದ ಶೆಡ್ಡು, ಒಳಗೆ ಗುಡುಗುಡು ಸದ್ದು. ಪೈಪಿನ ಇನ್ನೊಂದು ತುದಿ ಹೊಸ ರೆಸಾರ್ಟಿನ ಕೊಳಕ್ಕೆ ಹೋಗಿತ್ತು. ಅಲ್ಲಿ ಬಾತುಕೋಳಿ ಆಕಾರದ ದೋಣಿಗಳು ತೇಲಲು ನೀರಿಗಾಗಿ ಕಾದು ಕೂತಿದ್ದವು. ಕಾವಲುಗಾರ ನಗುತ್ತಲೇ ಹೇಳಿದ: "ನಮ್ಮದೆಲ್ಲ ಲೀಗಲ್ ಮೇಡಂ. ನಿಮ್ಮ ದೊಡ್ಡ ಸಾಹೇಬರೇ ಬಂದು ಸ್ವಿಚ್ ಒತ್ತಿ ಹೋದ್ರಲ್ಲ."

ಕೆಸರು ಬೂಟಿನಲ್ಲೇ ಅವಳು ಎಂಜಿನಿಯರ ಕೋಣೆಗೆ ನುಗ್ಗಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೂತ್ಕೋಮ್ಮಾ."

"ಅದು ಹೊಳೆಯ ಪಾಲು ಸರ್."

"ಪಂಪುಗಳು ನಿಂತಮೇಲೆ ನೀರು ಉಳೀತು. ಉಳಿದದ್ದು ಹೆಚ್ಚುವರಿ ಅಂತ ಲೆಕ್ಕ. ಮೇಲಿನವರು ಕೇಳಿದ್ರು, ಇಲ್ಲ ಅನ್ನೋಕಾಗಲಿಲ್ಲ. ನೀನು ಮಾಡಿದ ಕೆಲಸ ಕೇಳಿ ಅವರೂ ತುಂಬಾ ಮೆಚ್ಕೊಂಡ್ರು."

"ನಾನು ಉಳಿಸಿದ್ದನ್ನೇ ಅವರಿಗೆ ಎತ್ತಿಕೊಟ್ರಾ? ನನಗೆ ಮೊದಲೇ ಹೇಳಬಹುದಿತ್ತಲ್ಲ ಸರ್?"

ಎಂಜಿನಿಯರು ಅವಳನ್ನು ಕರುಣೆಯಿಂದಲೇ ನೋಡಿದರು. "ಹೇಳಿದ್ರೆ ನೀನು ಹೋಗಿ ಫ್ಯೂಸ್ ಇಸ್ಕೊಂಡು ಬರ್ತಿದ್ದೆಯಾ?"

ಕಾನೂನಿಗೆ ಜಗ್ಗದ ಜನ ಅವಳ ಮುಖಕ್ಕೆ ಜಗ್ಗಿದ್ದರು. ಆ ಮುಖವನ್ನು ಇವರು ಎರವಲು ಪಡೆದಿದ್ದರು, ಕೇಳದೆಯೇ.

ಕಪಾಟು ಖಾಲಿ ಮಾಡಿ ಚೀಲ ಹೆಗಲಿಗೇರಿಸಿದಳು. ಫ್ಯೂಸುಗಳನ್ನು ಹಿಂದಿರುಗಿಸಿದರೆ ಉಳಿದ ಚೂರುಪಾರು ಹರಿವೂ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು. ಕೊಡದಿದ್ದರೆ ದಡದವರ ತೋಟ ಒಣಗಿ ಆ ಕೊಳ ತುಂಬುತ್ತದೆ. ಯಾವುದೂ ಸರಿಯಲ್ಲದ ಕಡೆ ಕೊಟ್ಟ ಮಾತೊಂದೇ ಕೈಯಲ್ಲಿತ್ತು. ಅದರಂತೆ ಹಗಲು ಬೆಳಕಿನಲ್ಲೇ, ಬಾಗಿಲು ಬಾಗಿಲಿಗೆ ನಿಂತು, ರೆಸಾರ್ಟಿನ ಪೈಪಿನ ಸುದ್ದಿ ಹೇಳಿ ಹೇಳಿ ಕೊಟ್ಟಳು. ಅವಳು ಮುಂದಿನ ಮನೆ ತಲುಪುವಷ್ಟರಲ್ಲಿ ಹಿಂದಿನ ಮನೆಯ ಮೋಟಾರು ಗುಂಯ್ ಎನ್ನುತ್ತಿತ್ತು. ತಾತ ಫ್ಯೂಸು ಇಸಕೊಂಡು, "ಆವತ್ತು ಹಲ್ಲೇ ಕೊಡಬೇಕಿತ್ತು, ಕಚ್ಚೋಕಾದ್ರೂ ನಿನಗೆ ಬೇಕಾಗ್ತಿತ್ತು" ಅಂದ. ಈ ಸಲ ಇಬ್ಬರಲ್ಲಿ ಯಾರೂ ನಗಲಿಲ್ಲ.

ಅಕ್ಕನದು ಕೊನೆಯ ಮನೆ. ಸಸಿಗಳು ಅರ್ಧಕ್ಕರ್ಧ ಕಂದಿ ಕಡ್ಡಿಯಾಗಿದ್ದವು. ಹಸಿರು ಚೂರಿನ ಗಂಟನ್ನು ಚಾಚಿ ಹಿಡಿದು ಫ್ಯೂಸಕ್ಕ ನಡೆದದ್ದನ್ನೆಲ್ಲ ಹೇಳಿದಳು. "ನನಗೆ ಮೋಸ ಮಾಡಿದ್ರು ಅಕ್ಕಾ."

ಅಕ್ಕ ಗಂಟು ಬಿಚ್ಚಿದಳು. ಫ್ಯೂಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಟ್ಟೆಯ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿನಗೆ ಅವರು ಮಾಡಿದ್ರು," ಅಂದಳು.

ಆಮೇಲೆ ಒಣಗಿದ ಕುಂಡವೊಂದನ್ನು ಎತ್ತಿ ತಂಗಿಯ ಮುಂದೆ ಹಿಡಿದಳು.

"ಬೆರಳು ಹಾಕಿ ನೋಡು. ಇವತ್ತು ನೋಡಲ್ವಾ?"