ಕೂಸಿನ ತಕ್ಕಡಿಗೆ ನೆಲ್ಲಿನ ಚೀಲ

ಕಾಲುವೆಯ ತೂಬಿನಲ್ಲಿ ನೀರು ಧುಮುಕುವ ಸದ್ದು ಸೂಗಮ್ಮನ ಮನೆಯೊಳಗೆ ಹಗಲೂ ರಾತ್ರಿ ಕೇಳುತ್ತಿತ್ತು. ಸಾಲಗುಂದದಿಂದ ವಳಕಮದಿನ್ನಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದು ನಿದ್ದೆ ಕೆಡಿಸುತ್ತಿತ್ತು. ಎಂಬತ್ತಾರನೇ ಇಸವಿಯಲ್ಲಿ ಊರಿಗೆ ಅಂಗನವಾಡಿ ಬಂತು. ಏಳನೇ ತರಗತಿ ಓದಿದ್ದ ಅವಳೇ ಟೀಚರ್ ಆದಳು. ಮಕ್ಕಳ ಗದ್ದಲದಲ್ಲಿ ನೀರಿನ ಸದ್ದು ಮರೆತೇಹೋಯಿತು.

ಊರಿನ ಕೂಸುಗಳನ್ನೆಲ್ಲ ತೂಗುತ್ತಿದ್ದವಳು ಅವಳು. ತೊಲೆಗೆ ಸ್ಪ್ರಿಂಗ್ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಜೋಳಿಗೆ, ಜೋಳಿಗೆಯಲ್ಲಿ ಕೂಸು. ಕೂಸು ಅತ್ತರೆ ಮುಳ್ಳು ಕುಣಿಯುತ್ತಿತ್ತು. ಅದು ನಿಲ್ಲುವವರೆಗೆ ಅವಳೂ ಉಸಿರು ಹಿಡಿಯುತ್ತಿದ್ದಳು.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಗಾಳೆಮ್ಮ ಮಗಳನ್ನು ಎದೆಗವಚಿಕೊಂಡು ಬಂದು ಹೊಸ್ತಿಲಲ್ಲೇ ಕುಸಿದಳು.

"ಟೀಚರಮ್ಮ, ಕೂಸು ಕರಗಾಕತ್ತೈತ್ರಿ. ಹೋದ ವಾರ ನೀವು ಏಳು ಕಿಲೋ ಅಂದ್ರಿ. ನಿನ್ನೆ ಜವಳಗೇರಾ ದವಾಖಾನ್ಯಾಗ ಆರೇ ಬಂತು."

ಅವಳ ಹಿಂದಿನ ಕೂಸು ಹೀಗೆ ಕರಗಿಯೇ ತೀರಿಕೊಂಡಿತ್ತು.

ಸೂಗಮ್ಮ ಕೂಸಿನ ಕೆನ್ನೆ ಮುಟ್ಟಿದಳು, ತುಂಬಿಯೇ ಇತ್ತು. ಜೋಳಿಗೆ ಬಿಚ್ಚಿ ಬರೀ ತಕ್ಕಡಿಯನ್ನು ನೋಡಿದಳು. ಮುಳ್ಳು ಸೊನ್ನೆಯಲ್ಲಿರಲಿಲ್ಲ, ಒಂದರ ಮೇಲೆ ಕುಳಿತಿತ್ತು. ಕಿಲೋ ಉಪ್ಪಿನ ಪೊಟ್ಟಣ ಸಿಕ್ಕಿಸಿದಳು, ಎರಡಕ್ಕೆ ಹೋಯಿತು. ಇನ್ನೊಂದು ಸಿಕ್ಕಿಸಿದಳು, ಮೂರಕ್ಕೆ. ಕಿಲೋಗೊಂದು ಗೆರೆ ಸರಿಯಾಗಿಯೇ ಜಗ್ಗುತ್ತಿತ್ತು. ಭಾರ ತೆಗೆದರೆ ಮಾತ್ರ ಸೊನ್ನೆಗೆ ಮರಳುತ್ತಿರಲಿಲ್ಲ.

"ಏನೂ ಕರಗಿಲ್ಲ ಬೇ. ಸ್ಪ್ರಿಂಗ್ ಸೋತೈತಿ. ಅದು ತಾಳೋವಷ್ಟು ಜಗ್ಗಿದ್ರ ಹೊಳ್ಳಿ ಬರ್ತೈತಿ. ಮೀರಿ ಜಗ್ಗಿದ್ರ ಹಳೇ ಚಡ್ಡಿ ಲಾಸ್ಟಿಕ್‌ನಂಗ ಸಡಲಾಗೇ ಉಳೀತೈತಿ. ನನ್ನ ಏಳು ಸುಳ್ಳು, ಆ ಆರೇ ಖರೆ. ಸುಗ್ಗಿಗಿಂತ ಮದಲ ಐದೂವರಿ ಇತ್ತು. ಕೂಸು ಬೆಳದೈತಿ."

ಗಾಳೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ನಿಧಾನವಾಗಿ ಇಳಿಯಿತು.

"ಆದ್ರ ಇದನ್ನ ಜಗ್ಗಿದವರು ಯಾರು?" ಎಂದಳು ಸೂಗಮ್ಮ.

ಹೊರಗೆ ನಿಂತಿದ್ದ ಗಾಳೆಮ್ಮನ ಗಂಡ ಮುದುಕಪ್ಪ ಕೆಮ್ಮಿದ. "ಕೂಲಿ ನೆಲ್ಲು ಕಡಿಮಿ ಅಳದಾರಂತ ಅನುಮಾನ ಇತ್ರಿ. ನಿಮ್ಮ ಆಯಾ ಆದಮ್ಮನ ಕಡೆ ಇಸ್ಕೊಂಡು ಒಂದು ಚೀಲ ತೂಗಿದ್ದೆ."

"ಕೂಸಿನ ತಕ್ಕಡಿಗೆ ತುಂಬಿದ ಚೀಲ?"

"ಮುಳ್ಳು ಕೊನಿಗೆ ಬಡಕೊಂಡು ನಿಂತ್ರಿ. ಭಾರಿ ನೆಲ್ಲು ಅಂತ ಹಿಗ್ಗಿದೆ."

"ಇವನ ಹಿಗ್ಗಿಗೆ ನಾ ರಾತ್ರಿಯೆಲ್ಲ ಅತ್ತೀನ್ರಿ," ಎಂದಳು ಗಾಳೆಮ್ಮ, ಕಣ್ಣೊರೆಸುತ್ತಲೇ ನಕ್ಕು.

ಸೂಗಮ್ಮನೂ ನಕ್ಕಳು. ನಗುತ್ತಲೇ ಚಪ್ಪಲಿ ಮೆಟ್ಟಿದಳು.

"ಜವಳಗೇರಾ ತಕ್ಕಡಿ ಕೇಳಿ ತರ್ತೀನಿ. ಹೋದ ವಾರ ತೂಗಿದ ಕೂಸುಗಳನ್ನೆಲ್ಲ ಮತ್ತ ತೂಗಬೇಕು. ಮದಲ ಪೀರಮ್ಮನ ಕೂಸು, ಯಾಕಂದ್ರ ತೂಕ ಬಂದೈತಿ ಅಂತ ಅದಕ್ಕ ನಾನು ಹೆಚ್ಚಿನ ಹಿಟ್ಟು ನಿಲ್ಲಿಸೀನಿ," ಎನ್ನುತ್ತ ಅವಳು ಆಗಲೇ ಕಾಲುವೆಯ ಏರಿ ಹತ್ತಿದ್ದಳು.