ಬಲಗಡೆಯ ಬಿಳಿ

ನೆನೆದ ಕೆಮ್ಮಣ್ಣಿನ ವಾಸನೆ ಬಂದರೆ ಇಂದಿಗೂ ನನ್ನ ಕೈ ಲಂಗಕ್ಕೆ ಒರೆಸಿಕೊಳ್ಳಲು ಹೋಗುತ್ತದೆ. ಲಂಗ ಉಟ್ಟು ಎಷ್ಟು ಕಾಲವಾಯಿತೋ! ಅರವತ್ತರ ದಶಕದಲ್ಲಿ, ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮದುವೆ ಎಂದರೆ ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಹಸೆ ಚಿತ್ತಾರ ಬರೆಯಬೇಕು. ಮದುಮಕ್ಕಳು ಕೂರುವುದು ಅದರ ಮುಂದೆ. ನಮ್ಮ ಅಜ್ಜಿ, ಅಪ್ಪನ ತಾಯಿ, ಬರೆದ ಗೋಡೆ ನೋಡಲು ಹೊಸನಗರದ ಕಡೆಯ ನೆಂಟರೂ ಬರುತ್ತಿದ್ದರು. ಅಕ್ಕಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಸೀಯುವಂತೆ ಹುರಿದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿನಾರಿನದು. "ಹಸಿ ಬಣ್ಣ ನಂಬಬ್ಯಾಡ ಕಣೇ, ಒಣಗಿದ ಮ್ಯಾಲೆ ನೋಡು," ಎನ್ನುತ್ತಿದ್ದಳು. ತೆಂಗಿನ ಚಿಪ್ಪಿನಲ್ಲಿ ಕಲಸಿದ ಒಂದೇ ಬಿಳಿ ಕೆಂಪಿನ ಮೇಲೆ ಒಂದು ಥರ, ಕಪ್ಪಿನ ಪಕ್ಕ ಇನ್ನೊಂದು ಥರ ಕಾಣುವುದನ್ನು ನನಗೆ ತೋರಿಸಿಕೊಟ್ಟವಳೂ ಅವಳೇ.

ಆ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಗೆರೆ ಕಾಣುತ್ತಿತ್ತು, ಬಿಳಿಗೂ ಹಳದಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ. "ನಿಮ್ಮಮ್ಮಂಗೆ ಹೇಳ್ಬ್ಯಾಡ. ಹೇಳಿದ್ರೆ ನಿಮ್ಮಕ್ಕನ ಹಸೆ ಬರೆಯಾಕೆ ಬಿಡಾದಿಲ್ಲ," ಎಂದು ನನ್ನ ಕೈ ಹಿಡಿದುಕೊಂಡಿದ್ದಳು. ಮೊಮ್ಮಗಳ ಮದುವೆಯ ಗೋಡೆಯೊಂದನ್ನು ಬರೆದುಬಿಡಬೇಕು, ಅವಳಿಗಿದ್ದ ಆಸೆ ಅಷ್ಟೇ. ನಾವಿಬ್ಬರೂ ಒಂದು ಉಪಾಯ ಮಾಡಿಕೊಂಡೆವು. ಬಿಳಿಯ ಚಿಪ್ಪು ಅವಳ ಬಲಕ್ಕೆ, ಹಳದಿಯದು ಎಡಕ್ಕೆ. ಇಡುವ ಕೆಲಸ ನನ್ನದು.

ಅಕ್ಕನ ಹಸೆ ಬರೆಯುವ ದಿನ ಮಧ್ಯಾಹ್ನ ಅಂಗಳದಲ್ಲಿ ಗೆಳತಿಯರು ಕುಂಟೆಬಿಲ್ಲೆಗೆ ಕರೆಯುತ್ತಿದ್ದರು. ಚಿಪ್ಪುಗಳನ್ನು ಕುಕ್ಕಿ ಓಡಿದೆ. "ಬಿಳೀದು ಬಲಕ್ಕೆ ಇಟ್ಯೇನೇ?" ಎಂದು ಅಜ್ಜಿ ಕೂಗಿದಳು. ತಿರುಗಿಯೂ ನೋಡದೆ "ಹ್ಞೂ" ಎಂದೆ. ಸಂಜೆ ಗದ್ದೆ ಕೆಲಸ ಮುಗಿಸಿ ಬಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಅಯ್ಯೋ ಅತ್ತೆ, ಎಂತ ಮಾಡೀರಿ! ಗೆರೆಯೆಲ್ಲ ಹಳದಿ!" ಬಿಳಿಯಾಗಬೇಕಿದ್ದ ಒಂದೊಂದು ಎಳೆಯೂ ಹಳದಿಯಾಗಿತ್ತು. ಎಳೆ ಮಾತ್ರ ಒಂದೂ ಸೊಟ್ಟಗಿರಲಿಲ್ಲ. ಅಜ್ಜಿ ನನ್ನ ಮುಖ ಹುಡುಕಿದಳು. "ಬಲಕ್ಕೇ ಇಟ್ಟಿದ್ಯಲ್ಲ?" ಏಟು ಬೀಳುತ್ತದೆಂಬ ಹೆದರಿಕೆಗೆ ಮತ್ತೆ "ಹ್ಞೂ" ಎಂದೆ, ಹಾಳಾದವಳು! ಅವಳು ಕುಂಚವನ್ನು ನೀರಿಗೆ ಅದ್ದಿ ತೊಳೆದು ಪಕ್ಕಕ್ಕಿಟ್ಟಳು. "ಹಂಗಾರೆ ನನ್ ಕೈಯೇ ತಪ್ಪೈತೆ ಬಿಡು," ಎಂದಳು. ಮರುದಿನ ಗೋಡೆಗೆ ಮತ್ತೆ ಕೆಮ್ಮಣ್ಣು ಬಳಿದು, ಪಕ್ಕದೂರಿನವಳೊಬ್ಬಳಿಂದ ಬರೆಸಿದರು. ಅಜ್ಜಿ ಅಡುಗೆಮನೆಯಲ್ಲಿ ಕುಳಿತಿದ್ದಳು. ಆಮೇಲೆ ಅವಳು ಕುಂಚ ಮುಟ್ಟಲಿಲ್ಲ.

ಆ ಮನೆಯಿಲ್ಲ, ಆ ಗೋಡೆಯಿಲ್ಲ, ಅವಳೂ ಹೋಗಿ ಬಹಳ ಕಾಲವಾಯಿತು. ಹೋದ ತಿಂಗಳು ನನ್ನ ಒಂದು ಕಣ್ಣಿನ ಪೊರೆ ತೆಗೆದರು. ಆಸ್ಪತ್ರೆಯ ಗೋಡೆ ಆ ಕಣ್ಣಿಗೆ ಅಕ್ಕಿಹಿಟ್ಟಿನ ಹಾಗೆ ಬೆಳ್ಳಗೆ ಕಂಡಿತು. ಅದನ್ನು ಮುಚ್ಚಿ ಇನ್ನೊಂದರಿಂದ ನೋಡಿದೆ. ಅದೇ ಗೋಡೆ, ಗುರಿಗೆಯ ಹಳದಿ. ನರ್ಸ್ ಬಂದು "ಯಾಕಮ್ಮಾ ಅಳ್ತೀರಿ, ನೋವಾ?" ಎಂದು ಕೇಳಿದಳು. ನಿಜ ಹೇಳಬೇಕಾದವಳಿಗೆ ಎರಡು ಸಲವೂ "ಹ್ಞೂ" ಎಂದಿದ್ದೆ. ಅಜ್ಜಿ, ಚಿಪ್ಪು ಅದಲುಬದಲು ಇಟ್ಟವಳು ನಾನು. ನಿನ್ನ ಕೈ ತಪ್ಪಿರಲಿಲ್ಲ.